ತಡೀರಿ, ಇನ್ನೂ ಓಗಿಲ್ಲ

ಯುದ್ಧದ ವರ್ಷಗಳಲ್ಲಿ ನಾನು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ದನ ಮೇಯುವ ಪಕ್ಕದ ಕಾವಲಿನ ಹುಲ್ಲಿನಲ್ಲಿ ಜಿಂಕೆಗಳು ವಿಪರೀತವಾಗಿ, ರಾಗಿ ಪೈರು ಉಳಿಯುತ್ತಿರಲಿಲ್ಲ. ಅದಕ್ಕೇ ಬೇಟೆ ನಿಷೇಧವಿದ್ದ ತಿಂಗಳಲ್ಲೂ, ಕೊಂಬಿರುವ ಗಂಡು ಜಿಂಕೆಗಳನ್ನು ಮಾತ್ರ ಹೊಡೆಯಲು ನಮ್ಮೂರ ಬೇಟೆಗಾರನಿಗೆ ಸರ್ಕಾರದ ಅಪ್ಪಣೆ ಸಿಕ್ಕಿತ್ತು.

ಅವನದೊಂದು ಪದ್ಧತಿ. ಗುಂಡು ತಗುಲಿ ಬಿದ್ದ ಜಿಂಕೆಯ ಬಳಿ ಮಂಡಿಯೂರಿ, ರುಮಾಲು ತೆಗೆದು, ಅದರ ಪಕ್ಕೆಗೆ ಕಿವಿ ಒತ್ತುತ್ತಿದ್ದ. ಜನ ಹತ್ತಿರ ಬಂದರೆ ಕೈಯೆತ್ತಿ, "ತಡೀರಿ, ಇನ್ನೂ ಓಗಿಲ್ಲ" ಅನ್ನುತ್ತಿದ್ದ. ಎದೆಬಡಿತ ಪೂರ್ತಿ ನಿಂತ ಮೇಲೆಯೇ ಮುಟ್ಟಲು ಬಿಡುತ್ತಿದ್ದ.

ಒಂದು ಮುಂಜಾನೆ ಜಿಂಕೆಯ ಹಿಂದಿದ್ದ ಒಣ ಜಾಲಿಯ ಕವಲು ಅವನ ಕಣ್ಣಿಗೆ ಕೊಂಬಾಗಿ ಕಂಡಿತು. ಬಿದ್ದದ್ದು ತುಂಬು ಗಬ್ಬದ ಹೆಣ್ಣು. ಅದರ ಹೊಟ್ಟೆಗೆ ಕಿವಿಯಿಟ್ಟವನು ಬಿಸಿಲೇರಿದರೂ ಏಳಲಿಲ್ಲ.

"ಏನಯ್ಯ, ಹೋಯ್ತಾ?" ಎಂದೆ.

"ತಾಯಿ ಓಯ್ತು ಮೇಷ್ಟ್ರೇ. ಒಳಗಿಂದು ಇನ್ನೂ ಓಗಿಲ್ಲ."

ಆ ಮಾಂಸ ಊರಲ್ಲಿ ಯಾರಿಗೂ ಬೇಡವಾಯಿತು. ಅಲ್ಲೇ ಹೂತೆವು. ಅವನು ಮತ್ತೆ ಕೋವಿ ಮುಟ್ಟಲಿಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ, ಒಂದು ಬೆಳಿಗ್ಗೆ ಶಾಲೆಗೆ ಹೋಗುತ್ತಿದ್ದಾಗ ಅವನು ಆ ಹೂತ ಜಾಗಕ್ಕೆ ಕಿವಿಯಿಟ್ಟು ಮಲಗಿರುವುದು ಕಂಡಿತು. ನನ್ನ ಹೆಜ್ಜೆ ಸಪ್ಪಳಕ್ಕೆ ಅವನ ಕೈ ಮೇಲೆದ್ದಿತು. ಬೈದು ಎಬ್ಬಿಸೋಣವೆಂದು ಬಗ್ಗಿದೆ.

"ನೀವೇ ಕೇಳಿ ಮೇಷ್ಟ್ರೇ" ಎಂದ.

ಅವನ ಹುಚ್ಚು ಬಿಡಿಸಲೆಂದೇ ನಾನೂ ಮಣ್ಣಿಗೆ ಕಿವಿಯಿಟ್ಟೆ.

ಶಾಲೆಯ ಗಂಟೆ ಹೊಡೆದದ್ದು ನನಗೆ ತಿಳಿಯಲೇ ಇಲ್ಲ. ಮಕ್ಕಳು ಹುಡುಕಿಕೊಂಡು ಓಡಿ ಬಂದಾಗ, ತಡೀರಿ ಎಂದು ಕೈಯೆತ್ತಿದವನು ನಾನು.