ಅಪಸ್ವರಕ್ಕೊಂದು ಹಾಸಿಗೆ

ಒರಗುದಿಂಬೆಂದುಕೊಂಡು, ಹೆಣ್ಣು ನೋಡಲು ಬಂದಿದ್ದ ಗಂಡಿನ ತಾಯಿ ಯಶೋದಮ್ಮನವರು ಬೆನ್ನು ಕೊಟ್ಟದ್ದೇ ತಪ್ಪಾಯಿತು. ಕೋಣೆಯ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿದ್ದ ಆ ಗೋಣಿತಾಟಿನ ವಸ್ತು ಪರ್ರೆಂದು ಬಾಯಿ ಬಿಟ್ಟು ಆಕೆಯನ್ನು ಸೊಂಟದವರೆಗೆ ನುಂಗಿತು. ಹೊರಗೆ ಉಳಿದದ್ದು ಎರಡು ಪಾದ, ಕಾಲುಂಗುರ, ಮತ್ತು ಕೈಬಿಡದೆ ಹಿಡಿದುಕೊಂಡಿದ್ದ ಕೇಸರಿಬಾತಿನ ತಟ್ಟೆ. ಹಾಡುತ್ತಿದ್ದ ವತ್ಸಲಾ ತೆರೆದ ಬಾಯನ್ನು ಮುಚ್ಚುವುದನ್ನೇ ಮರೆತಳು. ಗಂಡಸರೆಲ್ಲ ಸೇರಿ ಎಳೆದು ಹೊರತೆಗೆದಾಗ, ಹಳದಿ ರೇಷ್ಮೆಯ ಮೇಲೆಲ್ಲ ಹತ್ತಿ ಮೆತ್ತಿಕೊಂಡ ಯಶೋದಮ್ಮನವರು ಆಗತಾನೆ ಮೊಟ್ಟೆಯೊಡೆದು ಬಂದ ಕೋಳಿಮರಿಯಂತೆ ಕಂಡರು.

ಮನೆಯ ಯಜಮಾನರಾದ ಸೇತುರಾಮಯ್ಯನವರು ಆಕೆಯ ಕಡೆ ನೋಡಲೂ ಇಲ್ಲ. "ಎಷ್ಟು ದಿನದ ಕೆಲಸ ಹಾಳಾಯ್ತಲ್ರೀ!" ಎಂದು ಹರಿದ ತಾಟನ್ನು ಸವರಿದರು. ಆ ಸಂಬಂಧವೂ ಅಲ್ಲಿಗೆ ಹರಿಯಿತು. ತಾಟನ್ನಾದರೆ ಹೊಲಿಯಬಹುದಿತ್ತು.

ಸೇತುರಾಮಯ್ಯನವರು ಕಾರ್ಖಾನೆಯೊಂದರ ಉಗ್ರಾಣದಲ್ಲಿ ಗುಮಾಸ್ತರು. ದೇವರು ಅವರಿಗೆ ಹಾಡುವ ಗಂಟಲನ್ನು ಕೊಟ್ಟಿರಲಿಲ್ಲ. ಅದರ ಬದಲಿಗೆ ಇತರರ ಗಂಟಲನ್ನು ಹಿಡಿಯುವ ಕಿವಿ ಕೊಟ್ಟಿದ್ದ. ತಮ್ಮ ಮದುವೆಯಲ್ಲಿ ತಾಳಿ ಕಟ್ಟುವ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಓಲಗದವನಿಗೆ "ಶ್ರುತಿ ಕಮ್ಮಿ ಆಗ್ತಿದೆ, ಕಮ್ಮಿ ಆಗ್ತಿದೆ" ಎಂದು ಕೂಗಿದವರು. ತಾಯಿ ಸತ್ತಾಗ ಅಳುತ್ತಿದ್ದ ತಂಗಿಗೆ "ಶ್ರುತೀನ ಇನ್ನೊಂದು ಮನೆ ಕೆಳಗೆ ಎತ್ಕೋ" ಎಂದು ಬುದ್ಧಿ ಹೇಳಿದವರು. ಹಾಗೆಂದು ಅವರೇನೂ ಹರಿಶ್ಚಂದ್ರರಲ್ಲ. ರಜೆಗಾಗಿ ಬಾರದ ಜ್ವರವನ್ನು ಬರಿಸಿಕೊಳ್ಳುತ್ತಿದ್ದರು. ಬೇಡದ ನೆಂಟರು ಬಂದರೆ ಬಾಗಿಲ ಹಿಂದೆ ನಿಂತು "ಮನೇಲಿಲ್ಲ ಅನ್ನು" ಎಂದು ಪಿಸುಗುಡುತ್ತಿದ್ದರು. ಶ್ರುತಿಯ ವಿಷಯದಲ್ಲಿ ಮಾತ್ರ ಸುಳ್ಳು ನಾಲಿಗೆಯ ಮೇಲೆ ಬರುತ್ತಿರಲಿಲ್ಲ.

ಇದರ ಪೂರ್ತಿ ಫಲ ಅನುಭವಿಸಿದವಳು ಒಬ್ಬಳೇ ಮಗಳು ವತ್ಸಲಾ. ಅವಳು ಬಾಯಿ ತೆರೆದರೆ ಸಾಕು, ಅಪ್ಪ ಪಲ್ಯದ ಉಪ್ಪನ್ನು ನೋಡುವವರಂತೆ "ಹೆಚ್ಚಾಯ್ತು", "ಕಮ್ಮಿ ಆಯ್ತು" ಎನ್ನುತ್ತಿದ್ದರು. "ಸರಿ" ಎಂಬ ಮಾತನ್ನು ಅವಳು ಗಣಿತದ ಮೇಷ್ಟರ ಕೆಂಪು ಶಾಯಿಯಲ್ಲಿ ಕಂಡಿದ್ದಳೇ ಹೊರತು ಅಪ್ಪನ ಬಾಯಲ್ಲಿ ಕೇಳಿರಲಿಲ್ಲ.

ಬಳೇಪೇಟೆಯ ಮಣ್ಣುಗೋಡೆಯ ಬಾಡಿಗೆ ಮನೆಯಲ್ಲಿದ್ದಷ್ಟು ದಿನ ಹೇಗೋ ನಡೆಯಿತು. ರಾಜಾಜಿನಗರದಲ್ಲಿ ಹೊಸ ಮನೆ ಸಿಕ್ಕಿತು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ. ಸಿಮೆಂಟು ಗೋಡೆ, ಸಿಮೆಂಟು ನೆಲ, ಸಿಮೆಂಟು ತಾರಸಿ. ಮುಂದಿನ ಕೋಣೆಯಲ್ಲಿ ತಂಬೂರಿಯ ಮಂದ್ರದ ತಂತಿ ಮೀಟಿದರೆ ಗುಂಯ್ ಎಂದು ಎದ್ದ ಸದ್ದು ಗೋಡೆಯಿಂದ ಗೋಡೆಗೆ ಗುದ್ದಿಕೊಂಡು ತಿರುಗುತ್ತಿತ್ತು. ಕೋಣೆಯೊಳಗೆ ಕೋಣ ಹೊಕ್ಕಂತೆ. ಆ ಗದ್ದಲದಲ್ಲಿ ವತ್ಸಲಾಗೆ ತನ್ನ ಧ್ವನಿ ತನಗೇ ಕೇಳದೆ ಹಾಡು ಎತ್ತೆತ್ತಲೋ ಹೋಗುತ್ತಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹಾಡು ಕೇಳಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಹೋಗುತ್ತಿದ್ದರು. ಏಳು ಸ್ವರ ಎತ್ತಿದರೂ ಒಬ್ಬ ವರ ಸಿಗಲಿಲ್ಲ.

ಒಂದು ದಿನ ಸೇತುರಾಮಯ್ಯನವರು ಕಾರ್ಖಾನೆಯ ವಾಚನಾಲಯದಲ್ಲಿ ವಿಲಾಯಿತಿ ರೇಡಿಯೊ ಪತ್ರಿಕೆಯೊಂದನ್ನು ಓದಿಕೊಂಡು ಬಂದರು. ದಪ್ಪ ಸದ್ದೆಲ್ಲ ಕೋಣೆಯ ಮೂಲೆಗಳಲ್ಲಿ ಜಮಾಯಿಸುತ್ತದಂತೆ. ಅಲ್ಲಿ ಮೆತ್ತನೆಯದೇನಾದರೂ ದಪ್ಪವಾಗಿ ತುಂಬಿಟ್ಟರೆ ಅದು ಸದ್ದನ್ನು ಕುಡಿದುಬಿಡುತ್ತದಂತೆ.

"ನಿನ್ನ ಮಗಳ ಗಂಟಲಲ್ಲಿ ಇರೋದು ಅರ್ಧ ದೋಷ ಕಣೇ, ಇನ್ನರ್ಧ ಮೂಲೇಲಿದೆ" ಎಂದು ಹೆಂಡತಿಗೆ ಸಾರಿದರು.

ಸತ್ಯವತಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ಹೆತ್ತ ಮಗಳು ಮೂಲೆಗುಂಪಾಗಿದಾಳೆ. ನೀವು ಮೂಲೆಗೆ ಗುಂಪು ಕಟ್ಟಿ."

ಕಾರ್ಖಾನೆಯ ಹಳೇ ಪೆಟ್ಟಿಗೆಗಳ ಹಲಗೆಯಿಂದ ಮೂರು ಮೂಲೆಯ ಚೌಕಟ್ಟುಗಳು ಎದ್ದವು. ತುಂಬಲು ಹತ್ತಿ ಬೇಕಾಯಿತು. ಅಟ್ಟದ ಮೇಲೆ ಎರಡು ಮೂಟೆ ಇತ್ತು.

"ಅದು ಮುಟ್ಬೇಡಿ! ವತ್ಸಲನ ಮದುವೆ ಹಾಸಿಗೆಗೆ ಅಂತ ದಾವಣಗೆರೆಯಿಂದ ತರಿಸಿದ್ದು."

"ಸ್ವರ ನೆಟ್ಟಗಾದ್ರೆ ವರ ತಾನಾಗೇ ಬರ್ತಾನೆ ಬಿಡೇ."

ಮದುವೆಯ ಹಾಸಿಗೆ ಹೀಗೆ ಗೋಣಿತಾಟು ಹೊದ್ದು, ಮಲಗುವ ಮೊದಲೇ ಮೂಲೆಯಲ್ಲಿ ಎದ್ದು ನಿಂತಿತು. ಅದರೊಳಕ್ಕೇ ಯಶೋದಮ್ಮನವರು ಬಿದ್ದದ್ದು.

ಆದರೆ ಸೇತುರಾಮಯ್ಯನವರು ಸೋಲುವವರಲ್ಲ. ಈ ಸಲ ಗೋಣಿತಾಟಿನ ಬದಲು ಮುಂದೆ ತೆಳ್ಳನೆಯ ಪ್ಲೈವುಡ್ ಹೊಡೆದರು, ಹಿಂದೆ ಒಂದಿಷ್ಟು ಗಾಳಿಗೆ ಜಾಗ ಬಿಟ್ಟು ಹತ್ತಿ ತೂಗುಹಾಕಿದರು. ಪ್ಲೈವುಡ್ಡನ್ನು ಮಲಗಿಸಿ, ಮೇಲೆ ಚಿರೋಟಿ ರವೆ ಉದುರಿಸಿ, ಮೇಲೆ ಬಗ್ಗಿ "ಸಾ..." ಎಂದು ಗುನುಗಿದರು. ರವೆ ಕುಣಿಯಿತು. ಹಲಗೆ ಸದ್ದಿಗೆ ನಡುಗುತ್ತದೆ, ನಡುಗಿ ಅದರ ಶಕ್ತಿಯನ್ನು ತಿನ್ನುತ್ತದೆ ಎಂದು ಅವರಿಗೆ ಖುಷಿಯಾಯಿತು. ರವೆ ಹೋಯಿತೆಂದು ಹೆಂಡತಿಗೆ ಆಗಲಿಲ್ಲ.

ಪೆಟ್ಟಿಗೆಗಳು ಮೂಲೆ ಸೇರಿದ ದಿನ ವತ್ಸಲಾ ತಂಬೂರಿ ಮೀಟಿದಳು. ಕೋಣ ಹೊರಟುಹೋಗಿತ್ತು. ಆ ಮನೆಯಲ್ಲಿ ಮೊದಲ ಸಲ ತನ್ನ ಕಂಠ ತನಗೆ ಕೇಳಿಸಿತು. ಹೆದರಿ ನಿಲ್ಲಿಸಿದಳು, ಮತ್ತೆ ಎತ್ತಿದಳು.

"ಹೇಗಿತ್ತಪ್ಪಾ?"

"ಇನ್ನೂ ಒಂದು ಕೂದಲಿನಷ್ಟು ಕಮ್ಮಿ."

ಗೋಡೆಯಾಚೆಯ ಜಗದಾಂಬಮ್ಮ ಇದೆಲ್ಲವನ್ನೂ ಕಿಟಕಿಯಲ್ಲಿ ನೋಡುತ್ತಿದ್ದರು. "ಏನ್ರೀ ಅದು, ಗೋಡೆಗೆಲ್ಲ ಹಾಸಿಗೆ?" ಎಂದು ಕೂಗಿ ಕೇಳಿದರು. ಅವರ ಅಡುಗೆಮನೆಯಲ್ಲಿ ಸೀಮೆಎಣ್ಣೆ ಸ್ಟೌವು ಭರ್ರೆನ್ನುತ್ತಿತ್ತು.

"ಮಗಳ ಅಪಸ್ವರಕ್ಕೆ!" ಎಂದು ಸೇತುರಾಮಯ್ಯನವರು ಹೆಮ್ಮೆಯಿಂದ ಕೂಗಿದರು.

ಸ್ಟೌವಿನ ಸದ್ದಿನಲ್ಲಿ 'ವ' ಸುಟ್ಟು 'ಮಾ' ಆಯಿತು. ಜಗದಾಂಬಮ್ಮನವರಿಗೆ ಕೇಳಿಸಿದ್ದು ಅಪಸ್ಮಾರ, ಅಂದರೆ ಮೂರ್ಛೆರೋಗ. ಅಯ್ಯೋ ಪಾಪ ಎಂದುಕೊಂಡು ಅದನ್ನು ಹಾಲಿನ ಮುನಿಲಕ್ಷ್ಮಮ್ಮನಿಗೆ ಗುಟ್ಟಾಗಿ ಹೇಳಿದರು. ಕೇತಮಾರನಹಳ್ಳಿಯ ಮುನಿಲಕ್ಷ್ಮಮ್ಮ ಹಾಲಿನಷ್ಟೇ ಧಾರಾಳವಾಗಿ ಸುದ್ದಿಗೂ ನೀರು ಬೆರೆಸಿ ಮನೆಮನೆಗೆ ಅಳೆದಳು. ಸತ್ಯವತಮ್ಮನವರಿಗೆ ವಿಷಯ ತಿಳಿದದ್ದೂ ಅವಳಿಂದಲೇ.

"ಅಮ್ಮಾರೇ, ಕಬ್ಬಿಣದ ಬೀಗದ ಕೈ ಒಂದು ಯಾವಾಗ್ಲೂ ಸೊಂಟದಾಗೆ ಮಡಿಕ್ಕಳಿ."

"ಯಾಕೇ?"

"ಕೂಸಿಗೆ ಪಿಟ್ಸು ಬಂದಾಗ ಅಂಗೈಗೆ ಕೊಟ್ರೆ ನಿಂತೋಯ್ತದೆ. ಅಯ್ಯನೋರು ಒಳ್ಳೇ ಕೆಲ್ಸ ಮಾಡವ್ರೆ ಬುಡಿ, ತಲೆ ಒಡ್ಕಂಬಾರ್ದು ಅಂತ ಗೋಡೆಗೇ ಹಾಸ್ಗೆ ಕಟ್ಟವ್ರಲ್ಲ!"

ಸತ್ಯವತಮ್ಮ ಹಾಲಿನ ಪಾತ್ರೆಯನ್ನು ಕೆಳಗಿಡಲಿಲ್ಲ, ಬಿಟ್ಟರು. ಅಂದೇ ಪೆಟ್ಟಿಗೆಗಳೆಲ್ಲ ಹಿತ್ತಲಿಗೆ ಹೋಗಿ ಸೌದೆಯ ಪಕ್ಕ ನಿಂತವು. ಸೇತುರಾಮಯ್ಯನವರು "ಅದು ವಿಜ್ಞಾನ ಕಣೇ" ಎಂದು ಹಿಂದೆ ಹಿಂದೆ ಓಡಾಡಿದರು.

ಆ ವಾರವೇ ತುಮಕೂರಿನ ಹೈಸ್ಕೂಲು ಮೇಷ್ಟರೊಬ್ಬ, ಸೋದರಮಾವ ವೆಂಕಟಗಿರಿ ರಾಯರ ಜೊತೆ ಹೆಣ್ಣು ನೋಡಲು ಬಂದ. ತಟ್ಟೆ ಹಿಡಿದು ನಿಂತಿದ್ದ ವತ್ಸಲಾಗೆ ಅವನು, "ನಿಂತೇ ಇದೀರಲ್ಲ, ಕೂತ್ಕೊಳ್ಳಿ, ನೀವೂ ಒಂದು ಸ್ವಲ್ಪ ತಿನ್ನಿ" ಎಂದ. ಬಂದವರಲ್ಲಿ ಹಾಗೆಂದವನು ಅವನೊಬ್ಬನೇ. ಅವಳು ಕೂತಳು. ಈ ಮನೆಯಿಂದ ಹೊರಗೆ ಹೋಗುವ ಬಾಗಿಲು ಇದೇ ಎಂದು ಅವಳಿಗೆ ಆ ಕ್ಷಣದಲ್ಲಿ ಅನ್ನಿಸಿಬಿಟ್ಟಿತು. ಅಡುಗೆಮನೆಗೆ ಬಂದಾಗ ಅಮ್ಮನ ಕೈ ಹಿಡಿದು, "ಅಮ್ಮಾ, ಇವರು ಆಗಬಹುದಮ್ಮಾ" ಎಂದಳು. ಸತ್ಯವತಮ್ಮ ಹರಕೆಯ ಕಾಸನ್ನು ಸೆರಗಿನಲ್ಲಿ ಗಂಟು ಹಾಕಿದರು.

ರಾಯರು ಮಾತ್ರ ಬೀಗದ ಕೈಗಳ ಗೊಂಚಲೊಂದನ್ನು ಜೇಬಿನಿಂದ ತೆಗೆದು ಜಮಖಾನದ ಮೇಲೆ, ಕೈಗೆಟುಕುವಂತೆ, ಇಟ್ಟುಕೊಂಡು ಕೂತಿದ್ದರು. ಬೀದಿಯ ತಿರುವಿನಲ್ಲೇ ಅವರಿಗೆ ಯಾರೋ ಸುದ್ದಿಯ ಹಾಲು ಕುಡಿಸಿದ್ದರು.

ವತ್ಸಲಾ ಹಾಡಿದಳು. ಬರಿಯ ಸಿಮೆಂಟು ಕೋಣೆ ಎಂದಿನಂತೆ ಗುಂಯ್ಗುಟ್ಟಿತು. ಆದರೆ ಪೆಟ್ಟಿಗೆಗಳ ನಡುವೆ ತನ್ನ ಕಂಠವನ್ನು ಒಮ್ಮೆ ಕೇಳಿಕೊಂಡಿದ್ದವಳು ಈಗ ಆ ಗದ್ದಲದಲ್ಲೂ ಅದನ್ನು ಹುಡುಕಿ ಹಿಡಿದಳು, ಬಿಡಲಿಲ್ಲ. ಇದು ಬೇರೆ ಯಾರಿಗೂ ತಿಳಿಯಲಿಲ್ಲ. ಹುಡುಗ ಅವಳ ಜಡೆಯನ್ನು ನೋಡುತ್ತಿದ್ದ, ರಾಯರು ಅವಳ ಕೈಕಾಲು ಸೆಟೆದುಕೊಳ್ಳುತ್ತವೆಯೇ ಎಂದು ನೋಡುತ್ತಿದ್ದರು. ಸೇತುರಾಮಯ್ಯನವರು ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು.

ಹಾಡು ಮುಗಿಯಿತು. ರಾಯರು ಗಂಟಲು ಸರಿಮಾಡಿಕೊಂಡರು.

"ನೋಡಿ ಸೇತುರಾಮಯ್ಯನವರೇ, ಹುಡುಗ ಒಪ್ಪಿದಾನೆ, ಮುಖ ನೋಡಿದ್ರೇ ಗೊತ್ತಾಗುತ್ತೆ. ನಮಗೊಂದೇ ಅನುಮಾನ. ಕೈ ತೊಳೆಯೋಕೆ ಹೋದಾಗ ಹಿತ್ತಲಲ್ಲಿ ನೋಡಿದೆ. ಆ ಹಾಸಿಗೆ ಪೆಟ್ಟಿಗೆಗಳು ಯಾತಕ್ಕೆ?"

"ಅಪಸ್ವರಕ್ಕೆ ಸ್ವಾಮಿ, ಅಪ-ಸ್ವ-ರ!" ಗಂಡ ಬಾಯಿ ತೆರೆಯುವ ಮೊದಲೇ ಸತ್ಯವತಮ್ಮ ಬಾಗಿಲ ಮರೆಯಿಂದ ಅಕ್ಷರ ಬಿಡಿಸಿ ಹೇಳಿದರು. "ಅವಳಿಗೆ ಹಾಡು ಬರಲ್ಲ, ಅಷ್ಟೇ. ಜನ ತಪ್ಪಾಗಿ ಕೇಳಿಸ್ಕೊಂಡು ಏನೇನೋ ಅಂತಾರೆ."

ರಾಯರು ಗಟ್ಟಿಯಾಗಿ ನಕ್ಕರು. "ಇಷ್ಟೇನಾ! ನಮ್ಮ ಮನೇಲಿ ಹಾಡೋದು ಅಂದ್ರೆ ಹಿತ್ತಲ ಹಸು ಒಂದೇ. ಅಪಸ್ವರ ಇದ್ರೆ ನಮಗೇನೂ ಬಾಧಕವಿಲ್ಲ." ಆಮೇಲೆ ನಗು ನಿಲ್ಲಿಸಿ ಸೇತುರಾಮಯ್ಯನವರ ಕಡೆ ತಿರುಗಿದರು. "ಆದ್ರೂ ನಾಳೆ ನಮ್ಮಕ್ಕ ಕೇಳ್ತಾಳೆ, ನಿಮ್ಮ ಬಾಯಿಂದಲೇ ಬರಲಿ. ನಿಮ್ಮ ಕಿವಿ ವಿಷಯ ಕೇಳಿದೀನಿ, ನೀವು ಸುಳ್ಳು ಹೇಳೋರಲ್ಲ. ಈಗ ಪೆಟ್ಟಿಗೆ ಇಲ್ದೇ ಹಾಡಿದಳಲ್ಲ, ಅಪಸ್ವರ ಇತ್ತು ತಾನೇ? ಇತ್ತು ಅನ್ನಿ, ತಾಂಬೂಲ ತರಿಸಿ. ಇರಲಿಲ್ಲ ಅಂದ್ರೆ ಆ ಹಾಸಿಗೆ ಇನ್ಯಾತಕ್ಕೋ ಅಂತಾಯ್ತು."

"ಅದು ಏನೂಂದ್ರೆ ರಾಯರೇ, ಮೂಲೇಲಿ ಸದ್ದು..."

"ಕಥೆ ಬೇಡ. ಇತ್ತೋ, ಇಲ್ವೋ?"

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ವತ್ಸಲಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಬೈಯಿ, ಬೈಯಪ್ಪಾ ಎಂದು ಅವಳ ಕಣ್ಣು ಅಂಗಲಾಚುತ್ತಿತ್ತು. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು, ಇನ್ನೊಂದೇ ಒಂದು ಸಲ ಬೇಕಾಗಿತ್ತು. ಸೇತುರಾಮಯ್ಯನವರು ಹಣೆ ಒರೆಸಿಕೊಂಡರು.

"ಇಲ್ಲ ರಾಯರೇ" ಎಂದರು. "ಇವತ್ತು ಎಲ್ಲ ಸರಿಯಾಗಿತ್ತು."