ಅಪ್ಪನ ಕುಲುಮೆಯ ಕತ್ತಲು

ನಮ್ಮಪ್ಪನ ಕುಲುಮೆ ಆರಿದ್ದು ಕಾಳಮ್ಮನ ಸಿಟ್ಟಿನಿಂದಲ್ಲ, ಬೆಳಕಿನಿಂದ. ಮಗ ತಂದು ಹಾಕಿದ ಬೆಳಕನ್ನು ತೆಗಿ ಅನ್ನಲಿಕ್ಕೆ ಅಪ್ಪನಿಗೆ ಬಾಯಿ ಬರಲಿಲ್ಲ. ನಡೆದದ್ದು ಅಷ್ಟೇ. ಉಳಿದದ್ದೆಲ್ಲ ಆಮೇಲೆ ಸೇರಿಸಿದ್ದು, ಮೊದಲು ಸೇರಿಸಿದವನೂ ಅಪ್ಪನೇ.

ಈಗ ಇದು ನೆನಪಾಗಲಿಕ್ಕೆ ಕಾರಣ ಮೆಟ್ರೋದವರು. ಕಲ್ಯಾಣದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ದಿನಾ ಕಬ್ಬಿಣದ ಸರಳು ಕತ್ತರಿಸುತ್ತಾರೆ. ಕಾದ ಕಬ್ಬಿಣದ ವಾಸನೆ ನಮ್ಮ ಅಡಿಗೆಮನೆಗೆ ಬಂದು, ಒಗ್ಗರಣೆ ವಾಸನೆಯನ್ನೂ ಹಿಂದೆ ಸರಿಸಿ ನಿಂತುಬಿಡುತ್ತದೆ. ಮೊಮ್ಮಗಳು ಮೂಗು ಮುಚ್ಚಿಕೊಂಡು "ಅಜ್ಜೀ, ಖಿಡಕೀ ಬಂದ್ ಕರೋ ನಾ" ಅನ್ನುತ್ತಾಳೆ. ಅವಳಿಗೆ ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ಹಿಂದಿಯಲ್ಲಿ ನಗುತ್ತಾಳೆ, ಕಿಟಕಿ ತೆರೆದೇ ಇರುತ್ತದೆ. ಆದರೆ ಇದು ಆ ವಾಸನೆಯೂ ಅಲ್ಲ. ಇದರಲ್ಲಿ ಇದ್ದಿಲು ಇಲ್ಲ, ನೀರಿಗೆ ಬಿದ್ದ ಕಬ್ಬಿಣದ ಉಗಿ ಇಲ್ಲ, ಅಪ್ಪನ ಬೆವರಿಲ್ಲ. ಮುಚ್ಚಿಹೋದ ಮನೆಯ ವಾಸನೆಯನ್ನು ಬೇರೆ ಎಲ್ಲೋ ಅರ್ಧಂಬರ್ಧ ಮೂಸಿದವರಿಗೆ ನಾನು ಹೇಳುವುದು ತಿಳಿದೀತು.

ನಮ್ಮ ಕುಲುಮೆ ಇದ್ದದ್ದು ಥಾಣೆಯ ಹತ್ತಿರ ಕಳವಾ ಅನ್ನುವ ಊರಲ್ಲಿ, ಮುಂಬ್ರಾದ ಗುಡ್ಡದ ಕಲ್ಲುಗಣಿಯಿಂದ ಇಳಿದು ಬರುವ ಕಾಲುದಾರಿಯ ಬದಿಗೆ. ಅಪ್ಪ ಬಾಗಲಕೋಟೆ ಕಡೆಯ ಕಂಬಾರ. ಗುಡ್ಡದಲ್ಲಿ ಕಲ್ಲು ಒಡೆಯುವವರೂ ನಮ್ಮ ಕಡೆಯವರೇ, ಅವರ ಹಿಂದೆಯೇ ಅಪ್ಪನೂ ಬಂದಿದ್ದ. ಮೊಂಡಾದ ಅವರ ಉಳಿಗಳನ್ನು ಕಾಸಿ, ಬಡಿದು, ಮೊನೆ ಮಾಡಿ, ನೀರು ಕುಡಿಸಿ ಕೊಡುವುದು ಅಪ್ಪನ ಕೆಲಸ. ಹಳಿ ಬದಿಯಲ್ಲಿ ಇಂಜಿನ್ನು ಉದುರಿಸಿ ಹೋದ ಅರೆಬೆಂದ ಇದ್ದಿಲು ಆರಿಸಿ ತರುವುದು ಅವ್ವನ ಕೆಲಸ. ಶಾಲೆ ಇಲ್ಲದಾಗ ಗಾಳಿ ಊದುವ ತಿದಿಯ ಹಗ್ಗ ಎಳೆಯುವುದು ನನ್ನದು. ಸುತ್ತ ತಗಡು, ಮೇಲೆ ತಗಡು, ಕೆಳಗೆ ಮಣ್ಣು. ಕಿಟಕಿ ಇರಲಿಲ್ಲ. ಬಡತನಕ್ಕೆ ಇರಲಿಲ್ಲ ಅಂತ ತಿಳಿಯಬೇಡಿ, ಬೇಡ ಅಂತಲೇ ಇರಲಿಲ್ಲ. ಕಾದ ಕಬ್ಬಿಣದ ಬಣ್ಣ ಕತ್ತಲಲ್ಲೇ ಕಾಣಬೇಕು. ಮೊದಲು ಒಣಮೆಣಸಿನಕಾಯಿಯ ಬಣ್ಣ, ಆಮೇಲೆ ದಾಸವಾಳ, ಆಮೇಲೆ ಕಿತ್ತಳೆ. ಉಳಿಯ ಮೊನೆಯನ್ನು ದಾಸವಾಳಕ್ಕೆ ನೀರಿಗೆ ಹಾಕಬೇಕು. ಕಿತ್ತಳೆಗೆ ಹೋಯಿತೋ, ಒಳಗೆ ಸುಟ್ಟಿತು ಅಂತ ಲೆಕ್ಕ. ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ, ಕಲ್ಲಿಗೆ ಇಟ್ಟು ಬಡಿದಾಗ ಮೊನೆ ಸಿಡಿಯುತ್ತದೆ. ಬೆಳಕಿನಲ್ಲಿ ನೋಡಿದರೆ ಕಿತ್ತಳೆಯೂ ದಾಸವಾಳದ ಹಾಗೇ ಕಾಣುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಕಣ್ಣಿದ್ದವರು ಅಲ್ಲಿ ಕೂತರೆ ಸಾಕಿತ್ತು.

ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಅಂದರೆ ನಮಗೆ ಕಬ್ಬಿಣದ ದಿಮ್ಮಿಯಲ್ಲ, ದೇವಿ ಕಾಳಮ್ಮ. ಅದರ ಮೇಲೆ ಕೂರುವಂತಿಲ್ಲ, ದಾಟುವಂತಿಲ್ಲ, ಚಪ್ಪಲಿ ಹಾಕಿ ಹತ್ತಿರ ಹೋಗುವಂತಿಲ್ಲ. ಗಣಿಯ ಹೆಂಗಸರು ಬೆಚ್ಚಿ ಅಳುವ ಕೂಸುಗಳನ್ನು ಎತ್ತಿಕೊಂಡು ಬಂದು, ಕಬ್ಬಿಣ ಅದ್ದಿದ ನೀರನ್ನು ಹಣೆಗೆ ಚಿಮುಕಿಸಿಕೊಂಡು ಹೋಗುತ್ತಿದ್ದರು. ಅಳು ನಿಲ್ಲುತ್ತಿತ್ತೋ ಇಲ್ಲವೋ, ತಾಯಂದಿರ ಮುಖವಂತೂ ತಿಳಿಯಾಗುತ್ತಿತ್ತು. ಅಮಾವಾಸ್ಯೆಯ ದಿನ ಬೆಂಕಿ ಹಾಕುವ ಹಾಗೇ ಇಲ್ಲ. ಅವತ್ತು ಒಲೆಯ ಬೂದಿ ಬಳಿದು ತೆಗೆದು, ಅಡಿಗಲ್ಲು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಿದ್ದೆವು. ಕಂಬಾರ ಅಮಾವಾಸ್ಯೆಗೆ ಬೆಂಕಿ ಹಾಕಿದ ಅಂತ ತಿಳಿದರೆ ಅವನ ಕೈಗೆ ಯಾರೂ ಕಬ್ಬಿಣ ಕೊಡುವುದಿಲ್ಲ. ಗುಡ್ಡದಲ್ಲಿ ಮೇಲೆ ಕಲ್ಲು, ಕೆಳಗೆ ಕಲ್ಲು, ನಡುವೆ ಮನುಷ್ಯ. ಅವರಿಗೆ ಕೈಯಲ್ಲಿರುವ ಉಳಿಯನ್ನು ನಂಬದೆ ಬೇರೆ ದಾರಿ ಇರಲಿಲ್ಲ.

ನಮ್ಮಣ್ಣ ಈರಣ್ಣ ಸುತ್ತಿಗೆ ಬಿಟ್ಟು ಬೇಲಾಪುರ ರಸ್ತೆಯ ಕಾರ್ಖಾನೆ ಸೇರಿದ. ಸೇರುವ ದಿನ ಅಪ್ಪನಿಗೂ ಅವನಿಗೂ ದೊಡ್ಡ ಜಗಳವಾಯಿತು. ಆಮೇಲೆ ಇಬ್ಬರೂ ಒಂದೇ ಖೋಲಿಯಲ್ಲಿ ಪಕ್ಕಪಕ್ಕ ಉಣ್ಣಲಿಕ್ಕೆ ಕೂತು ನನ್ನ ಬಾಯಿಂದ ಮಾತಾಡುತ್ತಿದ್ದರು. "ನಿಮ್ಮಣ್ಣಗ ಕೇಳು, ಸಾರು ಬೇಕೇನಂತ." "ನಿಮ್ಮಪ್ಪಗ ಹೇಳು, ಸಾಕಂತ." ಅವ್ವ ಒಂದು ದಿನ ಸೌಟು ಎತ್ತಿ, "ಇಬ್ಬರ ತಾಟಿನಾಗಿಂದೂ ನೀನ ಉಣ್ಣವ್ವಾ, ಅದೂ ಆಗಿ ಹೋಗ್ಲಿ" ಅಂದಿದ್ದಳು. ಹೀಗೆ ಬಹಳ ದಿನ ನಡೆಯಿತು.

ಒಂದು ದಿನ ಅಣ್ಣ ಥಾಣೆಯಿಂದ ಬೆಳಕು ಬಿಡುವ ಪ್ಲಾಸ್ಟಿಕ್ಕಿನ ತಗಡು, ಪತ್ರಾ ಅನ್ನುತ್ತಾರೆ, ಹೆಗಲ ಮೇಲೆ ಹೊತ್ತು ತಂದ. ಕಾರ್ಖಾನೆಯ ಛಾವಣಿಗೆ ಅಂಥದ್ದು ಇರುತ್ತದಂತೆ. ಯಾರನ್ನೂ ಕೇಳದೆ ಮೇಲೆ ಹತ್ತಿ, ಕುಲುಮೆಯ ಒಂದು ತಗಡು ಕಿತ್ತು ಅದನ್ನು ಕೂರಿಸಿದ. ಬೆಳಕು ಸೀದಾ ಅಡಿಗಲ್ಲಿನ ಮೇಲೆ ಬಿತ್ತು. ಕೆಳಗಿಳಿದು, "ಇನ್ನ ಕಣ್ಣು ಕಿಸಿದು ಕೆಲಸ ಮಾಡೂದು ಬ್ಯಾಡಪ್ಪಾ" ಅಂದ. ಅಪ್ಪ ಮೇಲೆ ನೋಡಿದ, ಅಡಿಗಲ್ಲು ನೋಡಿದ, ಮಗನ ಮುಖ ನೋಡಿದ. "ಚೊಲೋ ಆತು" ಅಂದ. ನನ್ನ ಕಡೆ ತಿರುಗದೆ ಅವನಿಗೇ ಅಂದ. ಒಳಗೆ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೀವೇ ಹೇಳಿ, ಆಮೇಲೆ ಅದನ್ನು ತೆಗಿ ಅನ್ನುವುದು ಹೇಗೆ?

ಮಾರನೇ ದಿನದಿಂದ ಅಣ್ಣ ಕೆಲಸಕ್ಕೆ ಹೋದ ಮೇಲೆ ಅಪ್ಪ ಪತ್ರಾದ ಕೆಳಗೆ ಗೋಣಿಚೀಲ ಕಟ್ಟುತ್ತಿದ್ದ. ಅಣ್ಣ ಬರುವ ಹೊತ್ತಿಗೆ ಬಿಚ್ಚುತ್ತಿದ್ದ. "ಅವಗ ಹೇಳಬ್ಯಾಡವ್ವಾ, ಸಣ್ಣ ಮನಸು ಮಾಡ್ಕೋತಾನ" ಅಂದಿದ್ದ ನನಗೆ. ಸರಿಯಾಗಿಯೇ ನಡೆದಿತ್ತು. ಆಮೇಲೊಂದು ದಿನ ಕಾರ್ಖಾನೆಯಲ್ಲಿ ಮಶೀನು ಕೆಟ್ಟು ಅಣ್ಣ ಮಧ್ಯಾಹ್ನಕ್ಕೇ ಬಂದ. ಗಲ್ಲಿಯಲ್ಲಿ ಅವನ ದನಿ ಕೇಳಿದ ಕೂಡಲೇ ಅಪ್ಪ ಗೋಣಿ ಎಳೆದು ಇದ್ದಿಲ ರಾಶಿಗೆ ಎಸೆದ. ಅಣ್ಣ ಬಂದವನೇ ಅಂಗಿ ಕಳಚಿ, "ಏಳ ತಂಗಿ, ಇವತ್ತ ನಾ ಎಳೀತೀನಿ" ಅಂತ ತಿದಿಗೆ ಕೂತ. ಬಿಟ್ಟು ಹೋದ ಮೇಲೆ ಅವನು ಆ ಹಗ್ಗ ಹಿಡಿದದ್ದು ಅದೇ ಮೊದಲು. ಅಪ್ಪನ ಮುಖ ಅವತ್ತು ಇದ್ದ ಹಾಗೆ ನಾನು ಮುಂದೆ ಯಾವತ್ತೂ ಕಾಣಲಿಲ್ಲ. ಆ ಸುಖದಲ್ಲೇ ಅವನು ಬೆಳಕಿನಲ್ಲಿ ಉಳಿ ಕಾಸಲಿಕ್ಕೆ ಕೂತ. ಬೆನ್ನು ಬಾಗಿಸಿ ನೆರಳು ಮಾಡಿದ, ತಲೆಯ ಟವಲು ಬಿಚ್ಚಿ ಒಂದು ಕೈಯಲ್ಲಿ ಅಡ್ಡ ಹಿಡಿದ. ಅಣ್ಣ ನಕ್ಕು, "ಸೂರ್ಯಗ ಅಂಜ್ತೀ ಏನಪ್ಪಾ?" ಅಂದ. ಅಪ್ಪನೂ ನಕ್ಕು ಟವಲು ಇಳಿಸಿದ. ಉಳಿಗಳು ನೀರಿಗೆ ಬಿದ್ದಾಗ ಬಂದ ಸಪ್ಪಳ ದಿನದ ಸಪ್ಪಳವಲ್ಲ, ಕಿತ್ತಳೆಗೆ ಹೋಗಿದ್ದವು. ಅಪ್ಪ ನನ್ನ ಕಡೆ ನೋಡಿದ. ನಾನು ಅಪ್ಪನ ಕಡೆ ನೋಡಿದೆ. ಆ ಉಳಿಗಳನ್ನು ಅವನು ಬದಿಗೆ ಎತ್ತಿಟ್ಟ, ಅಣ್ಣ ಆಚೆ ಹೋದ ಮೇಲೆ ಮತ್ತೆ ಕಾಸಬೇಕು ಅಂತ.

ಅಷ್ಟರಲ್ಲಿ ಗಣಿಯ ತಿಪ್ಪಣ್ಣ ಬಂದ. ಅಪ್ಪನ ಓರಗೆಯವನು, ನಮಗೆ ಮಾವನಿದ್ದ ಹಾಗೆ. ಅಣ್ಣ ಎದ್ದು ಬದಿಗಿಟ್ಟ ಉಳಿಗಳನ್ನೇ ಎತ್ತಿ ಅವನ ಕೈಗೆ ಕೊಟ್ಟು, "ತಗೋ ಮಾವಾ, ಅಪ್ಪ ಮಗ ಕೂಡಿ ಮಾಡೀವಿ" ಅಂದ. ಅಪ್ಪ ಬಾಯಿ ತೆರೆದ. ಹಾಗೇ ಮುಚ್ಚಿದ. ಅದು ಅಪ್ಪನ ತಪ್ಪು, ನನ್ನ ಹೆತ್ತವನು ಅಂತ ನಾನು ಅದನ್ನು ಬೇರೆ ಹೆಸರಿಂದ ಕರೆಯಲಾರೆ. ತಿಪ್ಪಣ್ಣ ಹೋದ ಮೇಲೆ ಅಪ್ಪ ನನ್ನ ಹತ್ತಿರ ಬಂದು, "ಮುಂಜಾನೆ ಎದ್ದವನ ಗುಡ್ಡಕ್ಕ ಹೋಗಿ ತಿರುಗಿ ತರ್ತೀನಿ" ಅಂತ ಪಿಸುಗುಟ್ಟಿದ. ಹೊರಟದ್ದೂ ನಿಜ. ಅರ್ಧ ದಾರಿಗೆ ತಿಪ್ಪಣ್ಣನನ್ನು ಹೊತ್ತುಕೊಂಡು ಇಳಿಯುವವರು ಎದುರಾದರು. ಮೊನೆ ಸಿಡಿದು ಕಣ್ಣಿಗೆ ಹೊಕ್ಕಿತ್ತು. ಆ ಕಣ್ಣು ಮತ್ತೆ ಬರಲಿಲ್ಲ.

ಗಣಿಯವರು ಬಂದು ಕುಲುಮೆಯ ಮುಂದೆ ಕೂತರು. ಬೈಯಲಿಲ್ಲ, ಕೈ ಎತ್ತಲಿಲ್ಲ. ಅಷ್ಟಾದರೂ ಮಾಡಿದ್ದರೆ ಬೇಸಿತ್ತು. ಅವರ ಹಿರಿಯ ಕೇಳಿದ, "ನಿನ್ನ ಕೈಯಾಗಿನ ಕಬ್ಬಿಣ ಎಂದೂ ಹಿಂಗ ಮಾಡಿದ್ದಿಲ್ಲ. ಯಾಕ ಮಾಡ್ತು, ನೀನ ಹೇಳು." ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಅಪ್ಪ ಅವನ ಕಡೆ ನೋಡಲಿಲ್ಲ. ನೆಲ ನೋಡುತ್ತ, "ಹೋದ ಅಮಾಸಿಗೆ ಬೆಂಕಿ ಹಾಕಿದ್ದೆ. ಆಸೆ ಬಿತ್ತು. ಯಾರಿಗೂ ಹೇಳಿದ್ದಿಲ್ಲ. ಕಾಳವ್ವ ಬಿಡಲಿಲ್ಲ" ಅಂದ.

ಸುಳ್ಳು. ಆ ಅಮಾವಾಸ್ಯೆಗೆ ಬೂದಿ ಬಳಿದವಳು ನಾನು, ತಣ್ಣಗಿನ ಒಲೆಯಲ್ಲಿ ಬೆಕ್ಕು ಮಲಗಿತ್ತು. ನನ್ನ ಬಾಯಿಂದ "ಅಪ್ಪಾ" ಅನ್ನುವಷ್ಟೇ ಬಂತು. ಅವ್ವ ನನ್ನ ಮುಂಗೈ ಹಿಡಿದು ಹಿಂಡಿದಳು, ಬಳೆ ಮುರಿಯಿತು. ಹಿರಿಯ ಎದ್ದು ನಿಂತು, "ಹಂಗಾರ ಇನ್ನ ನಿನಗ ಕಬ್ಬಿಣ ಕೊಡಾಕ ಬರೂದಿಲ್ಲ ಕಂಬಾರಣ್ಣ" ಅಂದ. ಅಪ್ಪ "ಹೌದು" ಅಂದ. ಹೋಗುವಾಗ ಎಲ್ಲರೂ ಅಡಿಗಲ್ಲಿಗೆ ಕೈ ಮುಗಿದು ಹೋದರು. ಎಲ್ಲರೂ ಹೋದ ಮೇಲೆ ಅಣ್ಣ ಅಂದ, "ದುಡ್ಡಿಗಾಗಿ ತಾಯಿನ್ನ ಮಾರಿದೆಲ್ಲೋ ಅಪ್ಪಾ." ಅಪ್ಪ ಅದಕ್ಕೂ ಹೂಂ ಅಂದ.

ಆಮೇಲೆ ಅಪ್ಪ ಭಿವಂಡಿಯ ಗೋದಾಮಿನಲ್ಲಿ ಕಾವಲಿಗೆ ಕೂತ, ಅಲ್ಲೇ ಮುದುಕನಾಗಿ ಸತ್ತ. ಅವ್ವ ತಾನು ಸಾಯುವ ಮುಂಚೆ ನನ್ನ ಕೈ ಹಿಡಿದು, "ಈರಣ್ಣಗ ಹೇಳಬ್ಯಾಡ. ನಿಮ್ಮಪ್ಪ ಕುಲುಮಿ ಕೊಟ್ಟು ಕೊಂಡದ್ದು ಅದೊಂದ" ಅಂತ ಮಾತು ತೆಗೆದುಕೊಂಡಳು. ಅಣ್ಣ ಡೊಂಬಿವಲಿಯಲ್ಲಿ ಮನೆ ಮಾಡಿದ. ಭಕ್ತಿ ಬೆಳೆಯಿತು. ಅಮಾವಾಸ್ಯೆಗೆ ಅವನ ಮನೆಯಲ್ಲಿ ಗ್ಯಾಸು ಹಚ್ಚುವಂತಿಲ್ಲ. ಅವನ ಸೊಸೆ ಹೋಟೆಲಿಂದ ಇಡ್ಲಿ ತರಿಸಿ, "ಆತ್ಯಾ, ದೇವಿಗೆ ಇಡ್ಲಿಯವನ ಒಲೆ ನಡೆಯುತ್ತದೋ?" ಅಂತ ನನ್ನ ಕಿವಿಯಲ್ಲಿ ಕೇಳುತ್ತಿದ್ದಳು. ಈ ಮಳೆಗಾಲದಲ್ಲಿ ಅವನ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, ಉಸಿರು ಎಳೆದು ಎಳೆದು ಅಂದ: "ಅಪ್ಪನ್ನ ನಾ ಕ್ಷಮಿಸೀನಿ, ತಂಗಿ. ಆಸೆ ಯಾರಿಗಿರೂದಿಲ್ಲ." ಏನು ಹೇಳಲಿ ನಾನು? ಸತ್ತವರಿಬ್ಬರು ಒಂದು ಕಡೆ, ಸಾಯುವವನೊಬ್ಬ ಒಂದು ಕಡೆ. "ಚೊಲೋ ಮಾಡಿದಿ" ಅಂದು ಬಾಯಿಗೆ ಚಮಚದಿಂದ ನೀರು ಬಿಟ್ಟೆ. ಅವನು ಹಗುರಾಗಿ ಹೋದ. ಈಗ ಕಳವಾ ಊರಿನ ಆ ಜಾಗದಲ್ಲಿ ಏಳು ಮಾಳಿಗೆ ನಿಂತಿದೆ. ತಿಪ್ಪಣ್ಣನ ಮಂದಿ ಎಲ್ಲಿ ಹೋದರೋ. ನಿಜ ತಿಳಿದರೆ ಸಿಟ್ಟಾಗುವವರು, ಅಳುವವರು, ಯಾರೂ ಉಳಿದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಗಣಿಯವರು ಎದ್ದು ಹೋದ ಮಾರನೇ ಬೆಳಿಗ್ಗೆ ನಾನು ಶಾಲೆಗೆ ಹೋಗಲಿಲ್ಲ. ಅವ್ವನ ಹಿಂದೆ ಖಾಡಿಯ ಹಿನ್ನೀರಿನ ಸೇತುವೆ ದಾಟಿ ಥಾಣೆಗೆ ನಡೆದೆ. ಉಡುಪಿ ಕಡೆಯವರ ಹೋಟೆಲು, ಹಿಂದಿನ ಬಾಗಿಲು. ಒಳಗಿಂದ ಬಂದ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಹುಡುಗಿಗೆ ಎಂತ ಕೆಲಸ ಬರ್ತದೆ?" ಅಂತ ಕೇಳಿದರು. "ಏನೂ ಬರೂದಿಲ್ಲರೀ" ಅಂದಳು ಅವ್ವ. ಅವರು ಒಂದು ಮೂಟೆ ನೀರುಳ್ಳಿ ತೋರಿಸಿದರು. ನಾನು ಲಂಗ ಮಡಚಿ ಕೂತು ಸಿಪ್ಪೆ ಸುಲಿಯಲಿಕ್ಕೆ ಶುರು ಮಾಡಿದೆ.