‘ಇರ್ಲಿ ಬುಡಿ’ ಎಂದ ಕೋಳಿ ಡಾಕ್ಟರು

ಆಗ ನನಗೆ ನಲವತ್ತರ ಆಸುಪಾಸು. ಮೂವತ್ತು ವರ್ಷ ಕಳೆದುಹೋಯಿತು. ಡಾಕ್ಟರು ನಮ್ಮ ಹಿತ್ತಲಿಗೆ ಬಂದರೆ ಮೊದಲು ಕೋಳಿಯನ್ನೆತ್ತಿ, ಅದರ ಎದೆಯನ್ನು ತಮ್ಮ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕೆನ್ನೆಗೆ ಕುಕ್ಕಿದರೂ ಬಿಡುತ್ತಿರಲಿಲ್ಲ. ಕಿವಿಯ ಮೇಲಿನ ಕೂದಲಲ್ಲಿ ಸದಾ ಒಂದು ಪುಕ್ಕ.

ಶೀಳನೆರೆ ಕಡೆಯ ನಮ್ಮೂರಿಗೆ ಲೂನಾದಲ್ಲಿ ಬರುತ್ತಿದ್ದರು. ದನದ ಡಾಕ್ಟರೇ. ಆದರೆ ಕೋಳಿಯನ್ನೂ ಮುಟ್ಟಿ ನೋಡಿದವರು ಇವರೊಬ್ಬರೇ. ಹಿಂದಿನವರು, ‘ಕೋಳೀಗೇನು ನೋಡೋದು, ಕುಯ್ಕಂಡು ತಿನ್ನಿ’ ಅನ್ನುತ್ತಿದ್ದರು. ನನ್ನ ಉಪ್ಪು, ಸೋಪು, ಸೀರೆ ಎಲ್ಲ ಮೊಟ್ಟೆಯಿಂದ. ಹಾಗಾಗಿ ಇವರು ನನಗೆ ದೊಡ್ಡವರು.

ಒಂದು ಮದುವೆಯಲ್ಲಿ ನಾನು ಸೋಬಾನೆ ಹೇಳುತ್ತಿದ್ದೆ. ಅದರಲ್ಲಿ ಎರಡು ಹಾಡುಗಳಿಗೆ ನಡುಮಧ್ಯೆ ಒಂದೇ ಥರದ ಸಾಲು ಬರುತ್ತದೆ. ಹೆಣ್ಣೊಪ್ಪಿಸುವ ಹಾಡು ಹಿಡಿದವಳು ಆ ಸಾಲಿನಲ್ಲಿ ಜಾರಿ, ಎಣ್ಣೆ ಶಾಸ್ತ್ರದ ಹಾಡು ಮುಗಿಸಿದೆ. ಊಟಕ್ಕೆ ಕೂತಿದ್ದ ಡಾಕ್ಟರು ನಕ್ಕುಬಿಟ್ಟರು.

“ಅಕ್ಕ, ಹೆಣ್ಣನ್ನ ಗಂಡನ ಮನೆಗೆ ಕಳ್ಸಿ ಆಮೇಲೆ ಎಣ್ಣೆ ಒತ್ತಿದ್ರಲ್ಲ!”

“ಸುಮ್ಕೆ ಉಣ್ಣಿ,” ಅಂದೆ.

ಅದೇ ವರ್ಷ ಊರ ಹೊರಗೆ ಕೋಳಿ ಫಾರಂ ಆಯಿತು. ಮಾರಾಟವಾಗದ ಬಡಕಲು ಬಿಳಿ ಕೋಳಿಗಳನ್ನು ಫಾರಂನವರು ಸುಮ್ಮನೆ ಕೊಟ್ಟರು. ಬೀದಿಯ ಹೆಂಗಸರೆಲ್ಲ ಮಡಿಲಲ್ಲಿ ತುಂಬಿ ತಂದೆವು. ಡಾಕ್ಟರು ಓಡಿ ಬಂದರು.

“ಇವನ್ನ ಮಂಕರಿ ಬುಟ್ಟಿ ಅಡೀಲಿ ಬ್ಯಾರೆ ಮುಚ್ಚಿಡಿ ಅಕ್ಕ. ಫಾರಂ ಕೋಳಿ ಸೀತ-ನೆಗಡಿ ಒಂದು ಹಾಡು, ನಾಟಿ ಕೋಳೀದು ಇನ್ನೊಂದು. ಎರಡೂ ಒಂದೇ ಕೋಳಿ ಒಳಕ್ಕೆ ಹೊಕ್ರೆ, ಕಾಯಿಲೆ ಮರಿ ಮಾಡೋವಾಗ ನಿಮ್ಮಂಗೇ ನಡುವೆ ಜಾರ್ತದೆ. ಅರ್ಧ ಇದು, ಅರ್ಧ ಅದು. ಹೊಸ ಹಾಡೇ ಹುಟ್ತದೆ. ನಾನು ಕಣ್ಗೆ ಬುಡೋ ಲಸಿಕೆ ಹನಿಗೆ ಹಳೇ ಹಾಡು ಮಾತ್ರ ಗೊತ್ತು.”

ಎಲ್ಲರೂ ಮುಚ್ಚಿಟ್ಟರು. ನಮ್ಮತ್ತೆ ಮಾತ್ರ ಒಂದು ಬಿಳಿ ಕೋಳಿಯ ಕಾಲಿಗೆ ಅರಿಶಿನದ ದಾರ ಕಟ್ಟಿ ಮಾರಮ್ಮನಿಗೆ ಬಿಟ್ಟುಬಿಟ್ಟಿದ್ದರು. ಹರಕೆಯ ಕೋಳಿ ಹಬ್ಬದವರೆಗೆ ಮನಸ್ಸು ಬಂದಲ್ಲಿ ತಿರುಗಬೇಕು. ಡಾಕ್ಟರು ಅದನ್ನು ನಮ್ಮ ಕೋಳಿಗಳ ನಡುವೆ ಕಂಡರು.

“ಅಜ್ಜಿ, ಇದನ್ನೂ ಮುಚ್ಚಿ.”

“ಅಮ್ಮನ ಕೋಳಿ ಕಣಪ್ಪ. ಕೂಡಾಕಿದ್ರೆ ಒಪ್ಪಾಕಿಲ್ಲ. ನಿನ್ ಕಾಲು ಹಿಡ್ಕತೀನಿ.”

ಅತ್ತೆ ನಿಜವಾಗಿಯೂ ಬಗ್ಗಿದರು. ಡಾಕ್ಟರು ಹಿಂದೆ ಸರಿದು ತಲೆ ಕೆರೆದುಕೊಂಡರು. “ಇರ್ಲಿ ಬುಡಿ ಅಜ್ಜಿ. ಹಬ್ಬ ಹತ್ರ ಅದಲ್ಲ.”

ಹಬ್ಬಕ್ಕೆ ಮುಂಚೆಯೇ ಬೀದಿಯ ಕೋಳಿಗಳೆಲ್ಲ ಗೊರಗೊರ ಅನ್ನತೊಡಗಿದವು. ಮೊದಲು ನಮ್ಮವು. ಮರಿಗಳು ಉಳಿಯಲಿಲ್ಲ. ಬದುಕಿದ ಹೇಟೆಗಳು ಸುಕ್ಕು ಚಿಪ್ಪಿನ ಮೊಟ್ಟೆ ಇಟ್ಟವು, ಒಡೆದರೆ ಒಳಗಿನ ಬಿಳಿ ಬರೀ ನೀರು. ಹನಿ ಕೆಲಸ ಮಾಡಲಿಲ್ಲ. ಹರಕೆಯದೂ ಸತ್ತಿತು. ಬೀದಿಯವರು ಡಾಕ್ಟರನ್ನು ಹಿಡಿದುಕೊಂಡರು. “ಹನಿ ಬುಟ್ಟೇ ಸಾಯಿಸ್ಬುಟ್ಟ,” ಅಂದರು. ಲೂನಾದ ಗಾಳಿ ತೆಗೆದರು. ಅತ್ತೆಯೂ ಜಗಲಿಯ ಮೇಲೆ ನಿಂತು ಶಾಪ ಹಾಕಿದರು. ಡಾಕ್ಟರು ಲೂನಾ ತಳ್ಳಿಕೊಂಡು ಹೊರಟರು.

“ಹೇಳ್ಬಾರ್ದಾ ನಿಜಾನ, ಹರಕೆ ಕೋಳಿಯಿಂದ ಬಂತು ಅಂತ?” ಹಿಂದೆಯೇ ಹೋಗಿ ಅಂದೆ.

“ನಂದೂ ಅನುಮಾನವೇ ಅಕ್ಕ. ಹೇಳಿದ್ರೆ ಅಜ್ಜಿನ ಈ ಬೀದೀಲಿ ಬಾಳಕ್ಕೆ ಬುಡ್ತಾರಾ? ಅವ್ರು ದೇವರನ್ನ ನೆಚ್ಕಂಡವ್ರೆ. ತಿಳ್ದೋನು ನಾನು. ಇರ್ಲಿ ಬುಡಿ ಅಂದೋನೂ ನಾನೇ. ನೀವೂ ಹೇಳ್ಬೇಡಿ.”

ಮತ್ತೆ ಯಾರೂ ಅವರಿಗೆ ಕೋಳಿ ಮುಟ್ಟಲು ಬಿಡಲಿಲ್ಲ. ನಾಗಮಂಗಲದ ಕಡೆಗೆ ವರ್ಗವಾಯಿತು. ಅಲ್ಲೇ ತೀರಿಕೊಂಡರಂತೆ. ಆ ಕಾಲಕ್ಕೆ ಅತ್ತೆಯೂ ಇರಲಿಲ್ಲ, ಬೀದಿಯಲ್ಲಿ ಆ ಕೋಳಿಗಳ ನೆನಪೂ ಇರಲಿಲ್ಲ. ಕೊರೊನಾ ಬಂದಾಗ ಟೀವಿಯಲ್ಲಿ, ಎರಡು ವೈರಸ್ಸು ಒಂದೇ ಮೈಯಲ್ಲಿ ಸೇರಿ ಹೊಸದು ಹುಟ್ಟಬಹುದು ಅಂದರು. ಕೋಳಿಯ ಆ ಸೀತವೂ ಕೊರೊನಾ ಕುಲದ್ದೇ ಅಂತೆ. ‘ಇದನ್ನ ನಮ್ಮ ಹಿತ್ತಲಲ್ಲೇ ಕೇಳಿದ್ದೆ’ ಅಂದರೆ ಮೊಮ್ಮಕ್ಕಳು ನಕ್ಕರು.

ಅವತ್ತು ವರ್ಗವಾಗಿ ಊರು ಬಿಡುವ ಸಂಜೆ ಡಾಕ್ಟರು ಹೇಳಿ ಹೋಗಲು ಬಂದಿದ್ದರು. ಅತ್ತೆ ಬಾಗಿಲು ಹಾಕಿಕೊಂಡರು. ಹಿತ್ತಲಲ್ಲಿ ಹೊಸ ಕೋಳಿಯೊಂದು ಓಡಾಡುತ್ತಿತ್ತು. ಅಕ್ಕಿಹೆಬ್ಬಾಳಿನಿಂದ ತರಿಸಿದ್ದು, ಕಾಲಲ್ಲಿ ಮತ್ತೆ ಅರಿಶಿನದ ದಾರ. ಡಾಕ್ಟರು ಅದನ್ನೇ ನೋಡಿದರು. ಕೈ ಮುಂದೆ ಬಂತು, ಹಿಂದಕ್ಕೆ ಹೋಯಿತು. ಲೂನಾ ತುಳಿದುಕೊಂಡು ಹೋದರು.

ಮಾರನೆಯ ಬೆಳಿಗ್ಗೆ ನಾನು ಆ ಕೋಳಿಯನ್ನು ಹಿಡಿದು ಕಿವಿಗೆ ಒತ್ತಿಕೊಂಡೆ. ಗೊರಗೊರ ಸದ್ದೇನೂ ಇರಲಿಲ್ಲ. ಆದರೂ ಮಂಕರಿ ಮುಚ್ಚಿದೆ. ಅತ್ತೆ ಬಡಕೊಂಡು ಬಂದರು. ಅವರೆದುರಿಗೇ ಮಂಕರಿಯ ಮೇಲೆ ಒರಳುಗುಂಡು ಹೇರಿದೆ.